ನಾಯಕನ ರಣಮರಣವೂ ಚರಿತ್ರೆಯ ಗತಿಯೂ

ಚರಿತ್ರೆಯನ್ನು ಬೋಧಿಸುವ ಅಧ್ಯಾಪಕರೆಲ್ಲರೂ ವರ್ಷಕ್ಕೊಮ್ಮೆಯಾದರೂ ಎದುರಿಸಬೇಕಾದ ಪ್ರಶ್ನೆಯೊಂದುಂಟು. “ರಾಮರಾಯನು ಅಂದು ಸಾಯದೆ ಇದ್ದಿದ್ದರೆ ಏನಾಗುತ್ತಿತ್ತು ಗುರುಗಳೇ?” ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇಂತಹ ಪ್ರಶ್ನೆಗೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. “ನಡೆದುದು ನಡೆದು ಹೋಯಿತು, ನಡೆಯದುದನ್ನು ಕುರಿತು ಮಾತೇಕೆ?” ಎಂದು ಬಾಯಿ ಮುಚ್ಚಿಸುವುದು ಒಂದು. ಕಲ್ಪನೆಯ ಕುದುರೆಯನ್ನೇರಿ, ವಿಜಯನಗರವು ಇಂದಿಗೂ ಮೆರೆಯುತ್ತಿತ್ತೆಂದು ಹೇಳಿ ಮಕ್ಕಳ ಮನಸ್ಸನ್ನು ತಣಿಸುವುದು ಇನ್ನೊಂದು. ಮೊದಲನೆಯದು ಜಿಜ್ಞಾಸೆಯನ್ನು ಕೊಲ್ಲುತ್ತದೆ. ಎರಡನೆಯದು ಸತ್ಯವನ್ನು ಕೊಲ್ಲುತ್ತದೆ. ಇವೆರಡರ ನಡುವೆ ಶಾಸ್ತ್ರಸಮ್ಮತವಾದ ಮೂರನೆಯ ದಾರಿಯೊಂದು ಇದೆ ಎಂಬುದನ್ನೂ, ಆ ದಾರಿಯಲ್ಲಿ ನಡೆದರೆ ನಮಗೆ ದೊರೆಯುವ ಫಲವೇನೆಂಬುದನ್ನೂ ಮೂರು ಕದನಗಳ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ.

1. ಪ್ರಶ್ನೆಯ ಸ್ವರೂಪ

ನ್ಯಾಯಶಾಸ್ತ್ರದಲ್ಲಿ ‘ತರ್ಕ’ವೆಂಬ ಶಬ್ದಕ್ಕೆ ಲೋಕರೂಢಿಯ ವಾದವಿವಾದವೆಂಬ ಅರ್ಥಕ್ಕಿಂತ ಬೇರೆಯಾದ, ನಿಯತವಾದ ಅರ್ಥವುಂಟು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಅಲ್ಲಿ ಬೆಂಕಿ ಇಲ್ಲವೆಂದು ಒಬ್ಬನು ಹಟ ಹಿಡಿದರೆ, ಬೆಂಕಿ ಇಲ್ಲದ ಪಕ್ಷದಲ್ಲಿ ಹೊಗೆಯೂ ಇರುತ್ತಿರಲಿಲ್ಲವೆಂದು ಅವನಿಗೆ ತೋರಿಸಿಕೊಡುತ್ತೇವೆ. ವಸ್ತುಸ್ಥಿತಿಗೆ ವಿರುದ್ಧವಾದುದನ್ನು ಒಂದು ಕ್ಷಣ ಆರೋಪಿಸಿಕೊಂಡು, ಅದರಿಂದ ಏನು ಒದಗುವುದೆಂದು ಪರೀಕ್ಷಿಸುವುದೇ ತರ್ಕ. ಅನ್ನಂಭಟ್ಟನು ತನ್ನ ‘ತರ್ಕಸಂಗ್ರಹ’ದಲ್ಲಿ ತರ್ಕವನ್ನು ಸಂಶಯ, ವಿಪರ್ಯಯಗಳ ಜೊತೆಗೆ ಅಯಥಾರ್ಥಾನುಭವದ ಪಂಕ್ತಿಯಲ್ಲಿ ಕೂಡಿಸಿದ್ದಾನೆ. ಅಂದರೆ ಅದು ಸ್ವತಃ ಪ್ರಮಾಣವಲ್ಲ. ಆದರೂ ಅದು ಪ್ರಮಾಣಕ್ಕೆ ಅನುಗ್ರಾಹಕ, ಎಂದರೆ ನಮ್ಮ ತಿಳಿವಳಿಕೆಗೆ ಒತ್ತಾಸೆಯಾಗಿ ನಿಲ್ಲುವಂಥದು.

“ಅವನು ಸಾಯದಿದ್ದರೆ?” ಎಂಬ ಪ್ರಶ್ನೆ ಈ ಜಾತಿಗೆ ಸೇರಿದ್ದು. ಹೊಸದೊಂದು ಚರಿತ್ರೆಯನ್ನು ಕಟ್ಟಿಕೊಡುವ ಶಕ್ತಿ ಅದಕ್ಕಿಲ್ಲ. ಆದರೆ ನಡೆದ ಚರಿತ್ರೆಯಲ್ಲಿ ಯಾವ ಕಾರಣಕ್ಕೆ ಎಷ್ಟು ತೂಕವಿತ್ತೆಂಬುದನ್ನು ಅಳೆಯಲು ಅದು ತಕ್ಕಡಿಯಾಗಬಲ್ಲದು. ಇದಕ್ಕೆ ಮೂರು ಕಟ್ಟುಪಾಡುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಒಂದು ಸಂಗತಿಯನ್ನು ಬದಲಿಸಿ ಉಳಿದೆಲ್ಲವನ್ನೂ ಇದ್ದಂತೆಯೇ ಇರಿಸಬೇಕು. ಊಹೆಯ ಪ್ರತಿಯೊಂದು ಹೆಜ್ಜೆಗೂ ಶಾಸನದಲ್ಲಿಯೋ ಸಮಕಾಲೀನ ಬರಹದಲ್ಲಿಯೋ ಆಧಾರವಿರಬೇಕು. ಘಟನೆಯಿಂದ ದೂರ ಹೋದಂತೆಲ್ಲ ಊಹೆಯ ಬಲ ಕುಂದುತ್ತದೆಯಾದುದರಿಂದ ಎಲ್ಲಿ ನಿಲ್ಲಬೇಕೆಂಬುದನ್ನು ಅರಿತಿರಬೇಕು. ಈ ನಿಯಮಗಳನ್ನು ಹಿಡಿದುಕೊಂಡು ಮೊದಲು ತಕ್ಕೋಲದ ಕಣಕ್ಕೆ ಹೋಗೋಣ.

2. ತಕ್ಕೋಲದ ಕಾಳಗ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಗ್ರಾಮವಿದೆ. ಅಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕನ್ನಡ ಶಾಸನವೊಂದು ವಿದ್ವಾಂಸರಿಗೆಲ್ಲ ಪರಿಚಿತವಾದುದು. ಒಂದು ನಾಯಿಯ ಸ್ಮರಣಾರ್ಥವಾಗಿ ನಿಂತ ಕಲ್ಲು ಅದು. ಗಂಗರಾಜನಾದ ಎರಡನೆಯ ಬೂತುಗನ ಬಳಿ ಮಣಲೆರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡೆಂದಾಗ, ಮಣಲೆರನು ಊರು ಹೊನ್ನುಗಳನ್ನು ಬೇಡದೆ, ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ನಾಯಿಯ ಕಥೆಯನ್ನು ಹೇಳಲು ಹೊರಟ ಈ ಶಾಸನವು, ಮಣಲೆರನು ಮೆಚ್ಚುಗೆಗೆ ಪಾತ್ರನಾದ ಸಂದರ್ಭವನ್ನು ವಿವರಿಸುವಾಗ, ದಕ್ಷಿಣ ಭಾರತದ ಚರಿತ್ರೆಯಲ್ಲಿ ಅತಿ ಮುಖ್ಯವಾದ ಕದನವೊಂದಕ್ಕೆ ಸಾಕ್ಷ್ಯ ನುಡಿಯುತ್ತದೆ.

ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರ ಮೇಲೆ ದಂಡೆತ್ತಿ ಹೋದನು. ಚೋಳ ಸಿಂಹಾಸನದಲ್ಲಿದ್ದವನು 907ರಿಂದ ಆಳುತ್ತಿದ್ದ ವೃದ್ಧ ಪರಾಂತಕ. ಉತ್ತರದ ಗಡಿಯಿಂದ ಅಪಾಯ ಒದಗುವುದೆಂದು ಬಲ್ಲವನಾಗಿ, ಅವನು ತನ್ನ ಹಿರಿಯ ಮಗನಾದ ಯುವರಾಜ ರಾಜಾದಿತ್ಯನನ್ನು ತಿರುಮುನೈಪ್ಪಾಡಿ ನಾಡಿನ ತಿರುನಾವಲೂರಿನಲ್ಲಿ ಆನೆ ಕುದುರೆಗಳ ದೊಡ್ಡ ಸೇನೆಯೊಡನೆ ನೆಲೆಗೊಳಿಸಿದ್ದನು. ಕೇರಳದ ಯೋಧರೂ ಆ ಸೇನೆಯಲ್ಲಿದ್ದರು. ಈಗಿನ ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ ಇಬ್ಬರ ದಂಡುಗಳೂ ಸಂಧಿಸಿದವು. ರಾಜಾದಿತ್ಯನು ಆನೆಯ ಮೇಲೆ ಕುಳಿತು ಕಾದಾಡುತ್ತಿರುವಾಗಲೇ ಮಡಿದನು.

ಅವನನ್ನು ಕೊಂದವರು ಯಾರು ಎಂಬಲ್ಲಿ ಎರಡು ಪ್ರಮಾಣಗಳು ಭಿನ್ನವಾಗಿ ಮಾತಾಡುತ್ತವೆ. ಆನೆಯ ಅಂಬಾರಿಯನ್ನೇ ಕಾಳಗದ ಕಣವಾಗಿಸಿಕೊಂಡು ಬೂತುಗನು ಇರಿದು ಕೊಂದನೆಂದು ಆತಕೂರಿನ ಶಾಸನ ಸಾರುತ್ತದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಬರೆಯಿಸಲ್ಪಟ್ಟ, ಲೈಡನ್ ತಾಮ್ರಪಟಗಳೆಂದು ಪ್ರಸಿದ್ಧವಾಗಿರುವ ಚೋಳ ಶಾಸನವು, ಕೃಷ್ಣರಾಜನ ಬಾಣಗಳು ಎದೆಗೆ ನಾಟಿ ರಾಜಾದಿತ್ಯನು ವೀರಲೋಕವನ್ನೈದಿದನೆಂದು ಹೇಳುತ್ತದೆ. ಗೆದ್ದವರ ಶಾಸನಕ್ಕೆ ತಮ್ಮ ವೀರನ ಸಾಹಸ ಮುಖ್ಯ; ಸೋತವರ ಶಾಸನಕ್ಕೆ ತಮ್ಮ ಯುವರಾಜನನ್ನು ಸಾಮಂತನೊಬ್ಬನಲ್ಲ, ಚಕ್ರವರ್ತಿಯೇ ಎದುರಿಸಬೇಕಾಯಿತೆಂಬ ಗೌರವ ಮುಖ್ಯ. ಎರಡೂ ಒಪ್ಪುವ ಸಂಗತಿಯೊಂದೇ: ಅವನು ಬೆನ್ನು ತೋರದೆ ಆನೆಯ ಮೇಲೆಯೇ ಸತ್ತನು. ‘ಆನೆಯ ಮೇಲೆ ಮಡಿದ ದೇವ’ ಎಂಬ ಅರ್ಥದ ಬಿರುದಿನಿಂದಲೇ ತಮಿಳು ಶಾಸನಗಳು ಅವನನ್ನು ಸ್ಮರಿಸಿದವು.

ಫಲವು ಒಡನೆಯೇ ಕಾಣಿಸಿತು. ನಾಯಕನಿಲ್ಲದ ಚೋಳಸೇನೆ ಚದುರಿತು. ತೊಂಡೈಮಂಡಲವು ಕೃಷ್ಣನ ಕೈಸೇರಿತು. ಕಂಚಿ ತಂಜಾವೂರುಗಳನ್ನು ಗೆದ್ದವನೆಂಬ ಬಿರುದನ್ನು ಅವನು ಧರಿಸಿದನು. ಆ ಪ್ರದೇಶದ ದೇವಾಲಯಗಳಲ್ಲಿ ‘ಕನ್ನರದೇವ’ನ ಆಳ್ವಿಕೆಯ ವರ್ಷಗಳನ್ನು ಹೊತ್ತ ತಮಿಳು ಶಾಸನಗಳು ಹುಟ್ಟಿಕೊಂಡವು. 959ರಲ್ಲಿ ಅವನು ಮೇಲ್ಪಾಡಿಯ ಬೀಡಿನಲ್ಲಿದ್ದು ಗೆದ್ದ ನಾಡುಗಳನ್ನು ತನ್ನವರಿಗೆ ಹಂಚುತ್ತಿದ್ದನೆಂದು ಕರ್ಹಾಡದ ತಾಮ್ರಶಾಸನ ತಿಳಿಸುತ್ತದೆ. ಅದೇ ವರ್ಷ ಸೋಮದೇವಸೂರಿಯು ಮುಗಿಸಿದ ‘ಯಶಸ್ತಿಲಕ’ವೂ ಆ ಬೀಡನ್ನು ಹೆಸರಿಸುತ್ತದೆ. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ದೊರೆತವೆಂದು ಆತಕೂರಿನ ಕಲ್ಲು ಲೆಕ್ಕ ಹೇಳುತ್ತದೆ. ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನಿತ್ತ ದೊರೆಯೂ ಇದೇ ಕೃಷ್ಣನು. ಕನ್ನಡ ನಾಡಿನ ಪ್ರತಾಪವೂ ಸಾಹಿತ್ಯವೂ ಜೊತೆಜೊತೆಯಾಗಿ ಉತ್ತುಂಗಕ್ಕೇರಿದ ಕಾಲವದು.

3. ರಾಜಾದಿತ್ಯನು ಬದುಕಿದ್ದರೆ?

ಈಗ ನಮ್ಮ ತಕ್ಕಡಿಯನ್ನು ಹಿಡಿಯೋಣ. ಬೂತುಗನ ಕೈ ತಪ್ಪಿ, ರಾಜಾದಿತ್ಯನು ಸೋತರೂ ಜೀವಂತನಾಗಿ ಹಿಂದಿರುಗಿದ್ದರೆ?

ಮೊದಲ ಹೆಜ್ಜೆ ಸುಲಭ. ಸೇನೆಯು ಪೂರ್ತಿಯಾಗಿ ಚದುರುತ್ತಿರಲಿಲ್ಲ. ತೊಂಡೈಮಂಡಲದ ಒಂದು ಭಾಗವಾದರೂ ಉಳಿಯುವ ಸಂಭವವಿತ್ತು. ಎರಡನೆಯ ಹೆಜ್ಜೆಯಲ್ಲಿ ಒಂದು ವಿಸ್ಮಯ ಕಾದಿದೆ. ರಾಜಾದಿತ್ಯನು ಮಡಿದುದರಿಂದ ಪಟ್ಟವು ಅವನ ತಮ್ಮ ಗಂಡರಾದಿತ್ಯನಿಗೂ, ಆಮೇಲೆ ಇನ್ನೊಬ್ಬ ತಮ್ಮನಾದ ಅರಿಂಜಯನಿಗೂ, ಅರಿಂಜಯನ ಮಗ ಸುಂದರಚೋಳನಿಗೂ ಬಂದಿತು. ಗಂಡರಾದಿತ್ಯನ ಮಗ ಉತ್ತಮಚೋಳನ ಆಳ್ವಿಕೆಯ ನಂತರ, 985ರಲ್ಲಿ, ಸುಂದರಚೋಳನ ಮಗನು ಪಟ್ಟವೇರಿದನು. ಅವನೇ ರಾಜರಾಜಚೋಳ, 1010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯವನ್ನು ಪೂರ್ಣಗೊಳಿಸಿದವನು. ಅವನ ಮಗ ರಾಜೇಂದ್ರನ ನೌಕಾಸೈನ್ಯವು 1025ರ ಸುಮಾರಿಗೆ ಕಡಲಾಚೆಯ ಶ್ರೀವಿಜಯದವರೆಗೆ ಹೋಯಿತು.

ರಾಜಾದಿತ್ಯನು ಬದುಕಿ ಪಟ್ಟವೇರಿದ್ದ ಪಕ್ಷದಲ್ಲಿ, ಅವನ ಕಿರಿಯ ತಮ್ಮನ ಮೊಮ್ಮಗನಿಗೆ ಸಿಂಹಾಸನ ದೊರೆಯುವ ದಾರಿ ಬಹು ಕಿರಿದಾಗುತ್ತಿತ್ತು. ಯಾವ ಮರಣವು ಚೋಳರ ಪಾಲಿಗೆ ಮಹಾವಿಪತ್ತಾಗಿ ಕಂಡಿತೋ, ಅದೇ ಮರಣವು ಚೋಳರಲ್ಲಿ ಶ್ರೇಷ್ಠನೆನಿಸಿದವನಿಗೆ ಸಿಂಹಾಸನದ ಮೆಟ್ಟಿಲಾಯಿತು. ತಕ್ಕೋಲದ ಸಂಜೆ ಗೆಲುವಿನ ಕಹಳೆಯನ್ನು ಕೇಳಿದವರಾಗಲಿ, ಗೋಳಿನ ದನಿಯನ್ನು ಕೇಳಿದವರಾಗಲಿ ಇದನ್ನು ಊಹಿಸಲಾರದವರಾಗಿದ್ದರು.

ಗೆದ್ದವರ ಕಡೆಯ ಕಥೆಯೂ ಇಷ್ಟೇ ವಿಚಾರಯೋಗ್ಯವಾದುದು. ಕೃಷ್ಣನು 967ರಲ್ಲಿ ತೀರಿಕೊಂಡನು. 972ರಲ್ಲಿ ಪರಮಾರ ಸೀಯಕನು ರಾಜಧಾನಿ ಮಾನ್ಯಖೇಟವನ್ನು ಸೂರೆಮಾಡಿದನು. 973ರಲ್ಲಿ ಚಾಲುಕ್ಯ ತೈಲಪನು ಕೊನೆಯ ರಾಷ್ಟ್ರಕೂಟ ಕರ್ಕನನ್ನು ತೆಗೆದುಹಾಕಿದನು. ಈ ತೈಲಪನು ಹೊರಗಿನಿಂದ ಬಂದವನಲ್ಲ. ಕೃಷ್ಣನಿಂದಲೇ ತರ್ದವಾಡಿ ನಾಡನ್ನು ಅನುಗಜೀವಿತವಾಗಿ ಪಡೆದಿದ್ದ ಸಾಮಂತನು. ಗಂಗ ಮಾರಸಿಂಹನು ಕೃಷ್ಣನ ಮೊಮ್ಮಗ ಇಂದ್ರನನ್ನು ಪಟ್ಟಕ್ಕೆ ತರಲು ಯತ್ನಿಸಿ ಸೋತನು. ಮಾರಸಿಂಹನು ಬಂಕಾಪುರದಲ್ಲಿಯೂ, ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿಯೂ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಚಕ್ರವರ್ತಿಯು ಕಣ್ಣುಮುಚ್ಚಿದ ಆರೇ ವರ್ಷಗಳಲ್ಲಿ, ತಕ್ಕೋಲದ ವಿಜಯ ಯಾರದಾಗಿತ್ತೋ ಆ ರಾಜ್ಯವೇ ಇಲ್ಲವಾಯಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ರಾಜರಾಜನ ಸೇನೆಯು ಬೂತುಗನ ವಂಶದವರ ಗಂಗವಾಡಿಯನ್ನೂ ತಲಕಾಡನ್ನೂ ಗೆದ್ದುಕೊಂಡಿತು. ಚೋಳರ ದಂಡು ನಮ್ಮ ನಾಡಿನಲ್ಲಿ ನಡೆಸಿದ ಹಾವಳಿಯನ್ನು 1007ರ ಹೊಟ್ಟೂರು ಶಾಸನವು ಸಂಕಟದಿಂದ ನಿರೂಪಿಸುತ್ತದೆ. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆಲ್ಲುವವರೆಗೆ ಒಂದು ಶತಮಾನಕಾಲ ಆ ನೆಲ ಚೋಳರದಾಗಿತ್ತು.

ಸೋತವರು ಎದ್ದುದೇಕೆ, ಗೆದ್ದವರು ಬಿದ್ದುದೇಕೆ? ಚೋಳರ ಊರುಗಳ ಒಳಗಿನ ಏರ್ಪಾಡನ್ನು ನೋಡಿದರೆ ಉತ್ತರದ ಒಂದು ಭಾಗವಾದರೂ ದೊರೆಯುತ್ತದೆ. ಪರಾಂತಕನ ಕಾಲದ, 919 ಮತ್ತು 921ರ ಉತ್ತರಮೇರೂರು ಶಾಸನಗಳು, ಗ್ರಾಮಸಭೆಯ ವಾರಿಯಗಳಿಗೆ, ಅಂದರೆ ಸಮಿತಿಗಳಿಗೆ, ಸದಸ್ಯರನ್ನು ಆರಿಸುವ ನಿಯಮಗಳನ್ನು ವಿವರಿಸುತ್ತವೆ. ಯೋಗ್ಯರ ಹೆಸರನ್ನು ಓಲೆಯ ಮೇಲೆ ಬರೆದು, ಕೊಡದಲ್ಲಿ ಹಾಕಿ, ಚಿಕ್ಕ ಬಾಲಕನಿಂದ ಎತ್ತಿಸುತ್ತಿದ್ದರು. ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು ಸಮಿತಿ. ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ಬಂಧುಗಳಿಗೂ ಮತ್ತೆ ಅವಕಾಶವಿರಲಿಲ್ಲ. ಯುವರಾಜನು ಸತ್ತ ದಿನವೂ ಕೆರೆಯ ತೂಬನ್ನು ತೆರೆಯುವವನು, ಸಭೆಯ ಲೆಕ್ಕ ಬರೆಯುವವನು ಊರಿನಲ್ಲಿ ಇದ್ದೇ ಇದ್ದನು. ನೆಲದ ಮೇಲಿನ ಮರ ಬಿದ್ದರೂ ಬೇರು ಜೀವಂತವಾಗಿತ್ತು. ಸುಂದರಚೋಳನ ಕಾಲದಲ್ಲಿ ತೊಂಡೈಮಂಡಲವು ಮರಳಿ ಕೈಸೇರತೊಡಗಿದಾಗ ಚೋಳರು ಹೊಸ ಆಡಳಿತವನ್ನು ಬುಡದಿಂದ ಕಟ್ಟಬೇಕಾಗಿರಲಿಲ್ಲ.

ಕನ್ನಡ ನಾಡಿನಲ್ಲಿಯೂ ಮಹಾಜನರಿದ್ದರು, ಊರ ಒಕ್ಕಲಿದ್ದಿತು, ಅಗ್ರಹಾರ ಘಟಿಕಾಸ್ಥಾನಗಳಿದ್ದವು. ಅವು ರಾಷ್ಟ್ರಕೂಟರು ಹೋದಮೇಲೂ ಉಳಿದುವು. ಆದರೆ ಸಾಮ್ರಾಜ್ಯದ ಒಗ್ಗಟ್ಟು ಮಾತ್ರ ಕೃಷ್ಣನೊಬ್ಬನ ತೋಳ್ಬಲಕ್ಕೆ ಜೋತುಬಿದ್ದಿತ್ತು. ದೊಡ್ಡ ನಾಡುಗಳನ್ನು ಸಾಮಂತರಿಗೆ ಕೊಟ್ಟು ಅವರ ನಿಷ್ಠೆಯನ್ನು ಪಡೆದಿದ್ದವನು ಅವನೊಬ್ಬನೇ. ಅವನಿದ್ದಷ್ಟು ದಿನ ನಿಷ್ಠೆ ಇತ್ತು. ರಾಜಾದಿತ್ಯನ ರಣಮರಣ ಚೋಳರನ್ನು ಮುಗಿಸಲಿಲ್ಲ. ಕೃಷ್ಣನ ಸಹಜಮರಣ ರಾಷ್ಟ್ರಕೂಟರನ್ನು ಮುಗಿಸಿತು. ನಾಯಕನು ಹೇಗೆ ಸತ್ತನು ಎಂಬುದಕ್ಕಿಂತ, ಅವನ ಮೇಲೆ ಎಷ್ಟು ಭಾರವನ್ನು ಹೊರಿಸಲಾಗಿತ್ತು ಎಂಬುದು ದೊಡ್ಡ ಪ್ರಶ್ನೆಯೆಂದು ಇದರಿಂದ ಹೊಳೆಯುತ್ತದೆ.

4. ರಕ್ಕಸ-ತಂಗಡಿ

ಈ ಹೊಳಹನ್ನು ಒರೆಗೆ ಹಚ್ಚಲು ಆರು ಶತಮಾನಗಳನ್ನು ದಾಟಿ, ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ, ತಂಗಡಗಿಗಳ ಕಡೆಗೆ, ಕೃಷ್ಣಾನದಿಯ ತೀರಕ್ಕೆ ಬರೋಣ. 1565ರ ಜನವರಿ 23. ಅಹಮದ್‌ನಗರ, ಬಿಜಾಪುರ, ಗೋಲ್ಕೊಂಡ, ಬೀದರ್‌ಗಳ ಸುಲ್ತಾನರು ಒಂದಾಗಿ ಬಂದಿದ್ದರು. ವಿಜಯನಗರದ ಸಿಂಹಾಸನದಲ್ಲಿ ಹೆಸರಿಗೆ ಸದಾಶಿವರಾಯನಿದ್ದನು. ಅಧಿಕಾರವೆಲ್ಲ ಕೃಷ್ಣದೇವರಾಯನ ಅಳಿಯನಾದ ರಾಮರಾಯನ ಕೈಯಲ್ಲಿತ್ತು. ಮುಪ್ಪಿನಲ್ಲಿಯೂ ಅವನು ತಾನೇ ರಣಕ್ಕೆ ಬಂದನು. ಯುದ್ಧವು ಯಾರ ಕಡೆಗೆ ವಾಲುವುದೋ ಎಂಬಂತಿದ್ದಾಗ, ಮೈಮರೆತು ನುಗ್ಗಿದ ಆನೆಯೊಂದರ ದೆಸೆಯಿಂದ ಗೊಂದಲವೆದ್ದು ಅವನು ಸೆರೆಯಾದನೆಂದೂ, ಹುಸೇನ್ ನಿಜಾಮಶಹನು ತಡಮಾಡದೆ ಅವನ ತಲೆ ಕಡಿಸಿ ಭರ್ಜಿಯ ತುದಿಗೇರಿಸಿ ಎರಡೂ ಸೇನೆಗಳಿಗೆ ತೋರಿಸಿದನೆಂದೂ ಫೆರಿಷ್ತಾ ಬರೆದಿದ್ದಾನೆ. ಆ ತಲೆಯನ್ನು ಕಂಡ ಕ್ಷಣದಿಂದ ವಿಜಯನಗರದ ಸೈನ್ಯ ಸೈನ್ಯವಾಗಿ ಉಳಿಯಲಿಲ್ಲ.

ಅವನ ತಮ್ಮ ತಿರುಮಲನು ರಾಜಧಾನಿಗೆ ಧಾವಿಸಿ, ಭಂಡಾರವನ್ನು ಆನೆಗಳ ಮೇಲೆ ಹೇರಿ, ಸದಾಶಿವರಾಯನನ್ನು ಕರೆದುಕೊಂಡು ಪೆನುಕೊಂಡೆಗೆ ಹೊರಟುಹೋದನು. ಅಂತಹ ಕೋಟೆಕೊತ್ತಲಗಳ ಹಂಪೆಯನ್ನು ಕಾಯಲು ಯಾರೂ ನಿಲ್ಲಲಿಲ್ಲ. 1567ರಲ್ಲಿ ಬಂದ ವೆನಿಸಿನ ವರ್ತಕ ಸೀಸರ್ ಫ್ರೆಡರಿಕ್, ಮನೆಗಳು ನಿಂತೇ ಇವೆ, ಒಳಗೆ ಮನುಷ್ಯರಿಲ್ಲ, ಕಾಡುಮೃಗಗಳಿವೆ ಎಂದು ಬರೆದನು. ನಗರವು ಶತ್ರುವಿನ ಕೊಡಲಿಯಿಂದಲೂ ಬೆಂಕಿಯಿಂದಲೂ ನೊಂದುದು ನಿಜ; ಆದರೆ ಅದು ಸತ್ತುದು ತನ್ನವರು ಬಿಟ್ಟುಹೋದುದರಿಂದ.

ರಾಮರಾಯನು ಸೆರೆಸಿಕ್ಕದೆ ನದಿಯನ್ನು ದಾಟಿ ಹಿಂದಿರುಗಿದ್ದರೆ? ಇದಕ್ಕೆ ಉತ್ತರಿಸಲು ನಮಗೆ ಎರಡು ಆಧಾರಗಳಿವೆ. ಗೆದ್ದವರ ಕೂಟವು ಬಹುಕಾಲ ಬಾಳಲಿಲ್ಲ. ಹುಸೇನ್ ನಿಜಾಮಶಹನು ಅದೇ 1565ರಲ್ಲಿಯೇ ತೀರಿಕೊಂಡನು. ಸುಲ್ತಾನರ ಹಳೆಯ ಜಗಳಗಳು ಬೇಗನೆ ಮರುಕಳಿಸಿದವು. ಕೆಲವು ತಿಂಗಳ ಮಟ್ಟಿಗೆ ಹಂಪೆಯನ್ನು ಹಿಡಿದು ನಿಲ್ಲುವ ನಾಯಕನಿದ್ದಿದ್ದರೆ ಕಾಲವೇ ಅವನ ಪಕ್ಷಕ್ಕೆ ಬರುತ್ತಿತ್ತು. ಸುಲ್ತಾನರ ನಡುವಿನ ಒಡಕನ್ನು ಬಳಸುವ ವಿದ್ಯೆಯಲ್ಲಿ ರಾಮರಾಯನಿಗಿಂತ ನಿಪುಣರು ಆ ಕಾಲದಲ್ಲಿ ಇರಲಿಲ್ಲ. ಆದಕಾರಣ ಅವನು ಬದುಕಿದ್ದರೆ ರಾಜಧಾನಿಯು ಅಂದು ಉಳಿಯುತ್ತಿತ್ತೆಂದು ಹೇಳಲು ಅಡ್ಡಿಯಿಲ್ಲ.

ಆದರೆ ಇಲ್ಲಿಯೇ ನಿಲ್ಲಬೇಕು. ಸಾಮ್ರಾಜ್ಯವು ಶತಮಾನಗಳವರೆಗೆ ಬಾಳುತ್ತಿತ್ತೆಂದು ಮುಂದುವರಿಸಲು ಆಧಾರವಿಲ್ಲ. ರಾಜನನ್ನು ಮರೆಯಲ್ಲಿರಿಸಿ, ಮುಖ್ಯ ಸ್ಥಾನಗಳನ್ನು ತನ್ನ ಬಂಧುಗಳಿಂದ ತುಂಬಿ, ಸಂಧಿವಿಗ್ರಹಗಳೆಲ್ಲವನ್ನೂ ತನ್ನೊಬ್ಬನ ಬುದ್ಧಿಗೆ ಕಟ್ಟಿಹಾಕಿದ್ದವನು ಅವನು. ಅಂದು ಅಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ವಯಸ್ಸು ಅವನನ್ನು ಕರೆದೊಯ್ಯುತ್ತಿತ್ತು. ಆಗ ಸಿಂಹಾಸನದ ಪ್ರಶ್ನೆ ಬಯಲಿಗೆ ಬರುತ್ತಲೇ ಇತ್ತು. ಒಂದೇ ನಡುಗಂಬದ ಮೇಲೆ ನಿಂತ ಡೇರೆಯಂತಿತ್ತು ಆ ವ್ಯವಸ್ಥೆ. ಕಂಬವನ್ನು ಕಡಿದವರು ಶತ್ರುಗಳು. ಬೇರೆ ಕಂಬಗಳನ್ನು ನೆಡದೆ ಬಿಟ್ಟವನು ಮಾತ್ರ ರಾಮರಾಯನೇ.

ಇದಕ್ಕೆ ಪ್ರತಿಯಾಗಿ ಅವನ ಮಾವನ ನಡತೆಯನ್ನು ನೆನೆಯಬೇಕು. 1520ರ ರಾಯಚೂರಿನ ಯುದ್ಧದಲ್ಲಿ ಆದಿಲ್‌ಶಾಹಿಯ ಫಿರಂಗಿಗಳಿಗೆ ವಿಜಯನಗರದ ಮುಂಚೂಣಿ ಮುರಿದು ಹಿಂದೆ ಸರಿಯಿತು. ಆಗ ಕೃಷ್ಣದೇವರಾಯನು, ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸಲೆಂದು ತನ್ನ ಉಂಗುರವನ್ನು ಸೇವಕನೊಬ್ಬನ ಕೈಗಿತ್ತು, ಕುದುರೆಯೇರಿ ಮುನ್ನುಗ್ಗಿದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ತಿಳಿಸುತ್ತಾನೆ. ಸೈನ್ಯ ಹಿಂದಿರುಗಿ ನಿಂತಿತು, ಸೋಲು ಗೆಲುವಾಯಿತು. ಅಂದು ಒಂದು ಗುಂಡು ಅವನಿಗೆ ತಗುಲಿದ್ದರೆ ರಕ್ಕಸ-ತಂಗಡಿಯು ನಲವತ್ತೈದು ವರ್ಷ ಮೊದಲೇ ರಾಯಚೂರಿನಲ್ಲಿ ನಡೆದುಹೋಗುತ್ತಿತ್ತೇನೋ! ನಾಯಕನು ಮುಂದೆ ನಿಂತರೆ ಸೈನ್ಯಕ್ಕೆ ಪ್ರಾಣ ಬರುತ್ತದೆ. ಮುಂದೆ ನಿಂತವನ ಪ್ರಾಣಕ್ಕೆ ಅಪಾಯವೂ ಬರುತ್ತದೆ. ಈ ಇಕ್ಕಟ್ಟು ಎಲ್ಲ ಕಾಲದ ದಳಪತಿಗಳಿಗೂ ಉಂಟು.

5. ಕಿತ್ತೂರಿನ ಕದನ

ಮೂರನೆಯ ಉದಾಹರಣೆಯಲ್ಲಿ ಮಡಿದ ನಾಯಕನು ಎದುರು ಪಕ್ಷದವನು. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ, ಅವನ ದತ್ತಕವನ್ನು ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಅವನು ತೋಪುಗಳೊಡನೆ ಕೋಟೆಯ ಮುಂದೆ ನಿಂತಿದ್ದಾಗ, ರಾಣಿ ಚೆನ್ನಮ್ಮನ ಪಡೆಯು ಬಾಗಿಲನ್ನು ತೆರೆದು ಸಿಡಿಲಿನಂತೆ ಎರಗಿತು. ಥ್ಯಾಕರೆ ಹತನಾದನು. ಎಲಿಯಟ್, ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಚಿಕ್ಕ ಸಂಸ್ಥಾನವೊಂದು ಕಂಪನಿಯ ಅಧಿಕಾರಿಯನ್ನು ರಣದಲ್ಲಿ ಕೆಡವಿದುದು ಸಾಮಾನ್ಯ ಸಂಗತಿಯಲ್ಲ.

ಆದರೂ ತಕ್ಕೋಲದಲ್ಲಿ ಆದಂತೆ, ರಕ್ಕಸ-ತಂಗಡಿಯಲ್ಲಿ ಆದಂತೆ, ಇಲ್ಲಿ ಶತ್ರುವಿನ ಬಲ ಕುಸಿಯಲಿಲ್ಲ. ದಖ್ಖನಿನ ಕಮಿಷನರನಾದ ಚಾಪ್ಲಿನ್ ಒಡನೆಯೇ ಕಾರ್ಯವನ್ನು ಕೈಗೆತ್ತಿಕೊಂಡನು. ಹಲವು ಠಾಣ್ಯಗಳಿಂದ ಪಡೆಗಳು ಬಂದು ಕೂಡಿದವು. ಡಿಸೆಂಬರ್ ಆರಂಭದಲ್ಲಿ ಕಿತ್ತೂರು ಬಿದ್ದಿತು. ಆ ಎರಡನೆಯ ಮುತ್ತಿಗೆಯಲ್ಲಿ ಸೊಲ್ಲಾಪುರದ ಸಬ್-ಕಲೆಕ್ಟರ್ ಮನ್ರೋ ಸತ್ತನು. ಅದರಿಂದಲೂ ದಾಳಿ ನಿಲ್ಲಲಿಲ್ಲ. ಕಂಪನಿಯಲ್ಲಿ ಒಬ್ಬ ಕಲೆಕ್ಟರನು ಸತ್ತರೆ ಕುರ್ಚಿ ಬರಿದಾಗುತ್ತಿರಲಿಲ್ಲ; ಕಾಗದಪತ್ರಗಳು, ಸಂಬಳದ ಪಟ್ಟಿ, ಮೇಲಧಿಕಾರಿಯ ಹುಕುಂ ಎಲ್ಲವೂ ಇದ್ದಂತೆಯೇ ಇದ್ದು, ಮತ್ತೊಬ್ಬನು ಬಂದು ಕುಳಿತುಕೊಳ್ಳುತ್ತಿದ್ದನು. ಥ್ಯಾಕರೆ ಬದುಕಿದ್ದರೂ ಕಿತ್ತೂರಿನ ಗತಿ ಬೇರೆಯಾಗುತ್ತಿತ್ತೆಂದು ತೋರುವುದಿಲ್ಲ. ದತ್ತಕವನ್ನು ನಿರಾಕರಿಸುವುದು ಅವನೊಬ್ಬನ ಮನಸ್ಸಿನ ಚಪಲವಾಗಿರಲಿಲ್ಲ. ಕಾಲು ಶತಮಾನದ ನಂತರ, 1848ರಲ್ಲಿ, ಡಾಲ್‌ಹೌಸಿಯು ಸಾತಾರಾ ಸಂಸ್ಥಾನವನ್ನು ಇದೇ ನೆಪದಿಂದ ನುಂಗಿದನು.

ಅನ್ಯಾಯದ ಪಕ್ಷಕ್ಕೂ ವ್ಯವಸ್ಥೆಯ ಬಲವಿರಬಹುದೆಂಬುದು ಕಹಿಯಾದ ಸತ್ಯ. ವ್ಯವಸ್ಥೆ ಗಟ್ಟಿಯಾಗಿದೆಯೆಂದ ಮಾತ್ರಕ್ಕೆ ಧರ್ಮ ಅಲ್ಲಿದೆಯೆಂದು ಯಾರೂ ಭಾವಿಸಬಾರದು. ಧರ್ಮವು ತನ್ನ ಪಕ್ಷದಲ್ಲಿದ್ದವರು ವ್ಯವಸ್ಥೆಯನ್ನೂ ಗಟ್ಟಿಮಾಡಿಕೊಳ್ಳಬೇಕೆಂಬುದೇ ಇಲ್ಲಿಯ ಪಾಠ.

ಹಾಗಾದರೆ ಆ ಅಕ್ಟೋಬರಿನ ವಿಜಯ ವ್ಯರ್ಥವೇ? ಅಲ್ಲ. ಚೆನ್ನಮ್ಮರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದ ಮೇಲೂ ಸಂಗೊಳ್ಳಿ ರಾಯಣ್ಣನು ಕತ್ತಿಯನ್ನು ಕೆಳಗಿಡಲಿಲ್ಲ. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸುವವರೆಗೆ ಕಂಪನಿಗೆ ಆ ಸೀಮೆಯಲ್ಲಿ ನೆಮ್ಮದಿ ಇರಲಿಲ್ಲ. ರಾಣಿಯ ಕೋಟೆ ಬಿದ್ದಿತು, ಪ್ರಾಣ ಹೋಯಿತು; ಆದರೆ ಅವಳ ಕಾರ್ಯವನ್ನು ತನ್ನದೆಂದು ಎತ್ತಿಕೊಂಡವನೊಬ್ಬನಿದ್ದನು. ರಾಯಣ್ಣನು ಹೋದ ಮೇಲೆ ಲಾವಣಿಕಾರರು ಎತ್ತಿಕೊಂಡರು. ಅವರ ಹಾಡು ಶತಮಾನ ದಾಟಿ ಸ್ವಾತಂತ್ರ್ಯದ ಹೋರಾಟಗಾರರ ಕಿವಿಗೆ ಬಿದ್ದಿತು.

6. ಸಿದ್ಧಾಂತ

ಈ ಮೂರು ಕಣಗಳಲ್ಲಿ ದೊರೆತುದನ್ನು ಅನ್ವಯವ್ಯತಿರೇಕದಿಂದ ಪರಿಶೀಲಿಸೋಣ. ನಾಯಕನ ಮರಣವು ಮೂರು ಕಡೆಯೂ ಇದೆ; ಕುಸಿತವು ಮೂರು ಕಡೆಯೂ ಒಂದೇ ಸಮನಾಗಿಲ್ಲ. ತಕ್ಕೋಲದಲ್ಲಿ ತಾತ್ಕಾಲಿಕ ಕುಸಿತ, ರಕ್ಕಸ-ತಂಗಡಿಯಲ್ಲಿ ರಾಜಧಾನಿಯ ನಾಶ, ಕಿತ್ತೂರಿನಲ್ಲಿ ಶತ್ರುವಿಗೆ ಕೆಲವು ವಾರಗಳ ಹಿನ್ನಡೆ ಮಾತ್ರ. ಕಾರಣವಿದ್ದೂ ಕಾರ್ಯವು ಬೇರೆಬೇರೆಯಾದರೆ, ಆ ಕಾರಣಕ್ಕೆ ಸಹಕಾರಿಯಾದ ಇನ್ನೊಂದು ಕಾರಣವನ್ನು ಹುಡುಕಬೇಕೆಂಬುದು ಶಾಸ್ತ್ರನಿಯಮ. ಆ ಸಹಕಾರಿ ಕಾರಣವೇ ‘ಏಕಾವಲಂಬನ’. ಎಂದರೆ ಎಲ್ಲವನ್ನೂ ಒಬ್ಬನ ಮೇಲೆ ಹೊರಿಸಿ ಉಳಿದವರು ಕೈಕಟ್ಟಿ ಕುಳಿತಿರುವ ಸ್ಥಿತಿ. ಅದು ಇದ್ದಲ್ಲಿ ರಣಮರಣವಾಗಲಿ ಸಹಜಮರಣವಾಗಲಿ ಮನೆಯನ್ನು ಕೆಡವುತ್ತದೆ. ಅದು ಇಲ್ಲದಲ್ಲಿ ಎಂತಹ ಮರಣವೂ ಗಾಯವನ್ನಷ್ಟೇ ಮಾಡುತ್ತದೆ.

“ಹಾಗಾದರೆ ವೀರನಿಗೆ ಬೆಲೆಯೇ ಇಲ್ಲವೆ? ಎಲ್ಲವನ್ನೂ ವ್ಯವಸ್ಥೆಯೇ ಮಾಡುವುದೆ?” ಎಂಬ ಆಕ್ಷೇಪ ಏಳಬಹುದು. ಈ ಪೂರ್ವಪಕ್ಷವು ಉಪೇಕ್ಷಿಸತಕ್ಕದ್ದಲ್ಲ. ಬೂತುಗನ ತೋಳು ಅಂದು ಸೋತಿದ್ದರೆ ಕೃಷ್ಣನಿಗೆ ಮೇಲ್ಪಾಡಿಯ ಬೀಡು ಇರುತ್ತಿರಲಿಲ್ಲ. ಕೃಷ್ಣದೇವರಾಯನು ಕುದುರೆಯೇರದಿದ್ದರೆ ರಾಯಚೂರು ದಕ್ಕುತ್ತಿರಲಿಲ್ಲ. ಚೆನ್ನಮ್ಮನಿಲ್ಲದೆ ಕಿತ್ತೂರಿನ ಬಾಗಿಲು ತೆರೆಯುತ್ತಿರಲಿಲ್ಲ. ದಿನವನ್ನು ಗೆಲ್ಲುವವನು ವೀರನೇ, ಸಂದೇಹವಿಲ್ಲ. ಗೆದ್ದ ದಿನವನ್ನು ಕಾಲವಾಗಿ ಬೆಳೆಸಬೇಕಾದವರು ಮಾತ್ರ ಅವನ ಹಿಂದೆ ನಿಂತವರು. ನಾಯಕನು ಬಿದ್ದ ಕ್ಷಣದಲ್ಲಿ ಚರಿತ್ರೆಯು ಅವನ ಕೈಯಿಂದ ಜಾರಿ ಉಳಿದವರ ಕೈಗೆ ಬರುತ್ತದೆ. ಹಿಡಿಯುವ ಕೈಗಳನ್ನು ಅವನು ಮೊದಲೇ ಸಿದ್ಧಪಡಿಸಿದ್ದನೇ ಎಂಬುದರಲ್ಲಿಯೇ ಅವನ ನಿಜವಾದ ದೊಡ್ಡತನವಿದೆ.

7. ಅಧ್ಯಾಪಕರಲ್ಲಿ ಒಂದು ಬಿನ್ನಹ

ಆದ್ದರಿಂದ “ಸಾಯದಿದ್ದರೆ” ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಗದರಿಸಿ ಅಡಗಿಸಬಾರದು. ಬದಲಾಗಿ ಪ್ರಶ್ನೆ ಕೇಳಿದವನಿಂದಲೇ ಮೂರು ಉಪಪ್ರಶ್ನೆಗಳಿಗೆ ಉತ್ತರ ಹುಡುಕಿಸಬೇಕು. ಅವನ ನಂತರ ಆ ಕೆಲಸವನ್ನು ಬಲ್ಲವರು ಯಾರಿದ್ದರು? ಅವನ ಅಧಿಕಾರವು ಪದವಿಯಿಂದ ಬಂದುದೋ ವ್ಯಕ್ತಿಯಿಂದ ಬಂದುದೋ? ಊರಿನ ನಿತ್ಯಜೀವನ ಅವನಿಲ್ಲದೆ ಮರುದಿನ ನಡೆಯಿತೇ? ಈ ಮೂರನ್ನು ಕೇಳಿದ ವಿದ್ಯಾರ್ಥಿಯು ರಾಜರ ಹೆಸರುಗಳನ್ನು ಮರೆತರೂ ಚರಿತ್ರೆಯ ಮರ್ಮವನ್ನು ಮರೆಯಲಾರನು.

ಇದು ರಾಜ್ಯಗಳಿಗೆ ಮಾತ್ರ ಸಲ್ಲುವ ಮಾತಲ್ಲ. ಕೆರೆಯನ್ನು ಕಟ್ಟಿಸಿದವನು, ಶಾಲೆಯನ್ನು ತೆರೆದವನು, ಅನ್ನಸತ್ರವನ್ನು ನಡೆಸಿದವನು, ಒಬ್ಬೊಬ್ಬನೂ ತನ್ನ ಕಾಲದ ಸೇನಾನಿಯೇ. ಅವನಿರುವಾಗ ಅವನನ್ನು ಹೊಗಳುವುದು ಸುಲಭ, ಅವನು ಹೋದ ಮೇಲೆ ಪ್ರತಿಮೆ ನಿಲ್ಲಿಸುವುದು ಇನ್ನೂ ಸುಲಭ. ಅವನಿರುವಾಗಲೇ ಅವನ ಭಾರದಲ್ಲಿ ಒಂದಿಷ್ಟನ್ನು ತಮ್ಮ ಹೆಗಲಿಗೆ ತೆಗೆದುಕೊಳ್ಳುವವರು ವಿರಳ. ಆಲದ ಮರವು ನೂರಾರು ವರ್ಷ ಬಾಳುವುದು ಬೊಡ್ಡೆಯೊಂದರ ಬಲದಿಂದಲ್ಲ,ಬಿಳಲುಗಳು ನೆಲಕ್ಕಿಳಿದು ತಾವೇ ಬೊಡ್ಡೆಗಳಾಗುವುದರಿಂದ.

ತಕ್ಕೋಲದ ಸಂಬಂಧವಾಗಿ ಇನ್ನೊಬ್ಬನ ಹೆಸರನ್ನು ಹೇಳಿ ವಿರಮಿಸುತ್ತೇನೆ. ರಾಜಾದಿತ್ಯನಿಗೆ ಕೇರಳದಿಂದ ಬಂದ ಗೆಳೆಯನೊಬ್ಬನಿದ್ದನು. ತನ್ನ ಒಡೆಯನ ಕೊನೆಯ ಗಳಿಗೆಯಲ್ಲಿ ಜೊತೆಗಿದ್ದು ಪ್ರಾಣ ಬಿಡಲಾಗಲಿಲ್ಲವೆಂಬ ನೋವಿನಿಂದ ಅವನು ಲೋಕವ್ಯವಹಾರವನ್ನು ತೊರೆದು ಸಂನ್ಯಾಸಿಯಾದನೆಂದು ತಿರುವೊತ್ತಿಯೂರಿನ ಶಾಸನ ತಿಳಿಸುತ್ತದೆ. ಚತುರಾನನ ಪಂಡಿತನೆಂಬ ಹೆಸರಿನಿಂದ ಅವನು ಅಲ್ಲಿಯ ಶೈವಮಠದ ಆಚಾರ್ಯನಾದನು. ಆ ಶಾಸನದಲ್ಲಿ ಹಾಕಿರುವ ಆಳ್ವಿಕೆಯ ವರ್ಷವು ಚೋಳರದಲ್ಲ, ಅವನ ಒಡೆಯನನ್ನು ಗೆದ್ದ ಕನ್ನರದೇವನದು. ನಾಡು ಶತ್ರುವಿನ ಕೈಯಲ್ಲಿದ್ದಾಗಲೂ ಅವನು ದೇವಾಲಯದ ದೀಪವನ್ನು ಕಾಯ್ದನು, ದತ್ತಿಯನ್ನು ಬಿಟ್ಟನು, ಮುಂದಿನವರಿಗೆ ಮಠವನ್ನು ಒಪ್ಪಿಸಿದನು. ಸತ್ತವನ ಜೊತೆ ಸಾಯುವುದನ್ನೇ ಪರಮಗತಿಯೆಂದು ಕಾಲ ಹೊಗಳುತ್ತಿದ್ದಾಗ, ಬದುಕಿ ಉಳಿದು ಮಾಡಬೇಕಾದ ಕೆಲಸವಿದೆಯೆಂದು ತೋರಿಸಿದನು.